ನ್ಯೂವಾರ್ಕಿನ ಪೇಟೆಯೂ ಬೊಂಬೆಯ ದಂಡೂ

ಇಂಗ್ಲೆಂಡಿನ ಮಧ್ಯಭಾಗದಲ್ಲಿ ಟ್ರೆಂಟ್ ಎಂಬ ನದಿಯು ಹರಿಯುತ್ತದೆ. ಕಾವೇರಿಯನ್ನು ಕಂಡ ಕಣ್ಣಿಗೆ ಅದು ತುಂಬಿದ ಕಾಲುವೆಯಂತೆ ತೋರಿದರೂ ಆ ಸೀಮೆಯ ಜನರು ಅದನ್ನು ಮಹಾನದಿಯೆಂದೇ ಗೌರವಿಸುತ್ತಾರೆ. ಇದರ ದಡದಲ್ಲಿ, ಒಂದಕ್ಕೊಂದು ಸುಮಾರು ಇಪ್ಪತ್ತು ಮೈಲಿಯ ದೂರದಲ್ಲಿ, ನಾಟಿಂಗ್‌ಹ್ಯಾಮ್ ಎಂಬ ನಗರವೂ ನ್ಯೂವಾರ್ಕ್ ಎಂಬ ಪೇಟೆಯೂ ಇವೆ. ೧೬೪೨ನೆಯ ಇಸವಿ ಆಗಸ್ಟ್ ೨೨ರಂದು ಒಂದನೆಯ ಚಾರಲ್ಸ್ ದೊರೆಯು ತನ್ನ ಪಾರ್ಲಿಮೆಂಟಿನ ಮೇಲೆ ಯುದ್ಧವನ್ನು ಸಾರಿ ಧ್ವಜವನ್ನೆತ್ತಿದ್ದು ನಾಟಿಂಗ್‌ಹ್ಯಾಮಿನಲ್ಲಿ. ಆದರೆ ವಿಚಿತ್ರವನ್ನು ನೋಡಿರಿ: ಧ್ವಜವೆತ್ತಿದ ಊರು ಸ್ವಲ್ಪ ಕಾಲದಲ್ಲಿಯೇ ಪಾರ್ಲಿಮೆಂಟಿನ ಪಾಲಾಯಿತು, ನೆರೆಯ ನ್ಯೂವಾರ್ಕು ಕೊನೆಯವರೆಗೂ ದೊರೆಯ ಪಕ್ಷವನ್ನು ಬಿಡಲಿಲ್ಲ. ಒಂದೇ ಹೊಳೆಯ ದಡದಲ್ಲಿ ಬಾಳಿ, ಒಂದೇ ದೇವರನ್ನು ಒಂದೇ ಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದ ಎರಡೂರಿನವರು ನಾಲ್ಕು ವರ್ಷಕಾಲ ಪರಸ್ಪರ ಶತ್ರುಗಳಾದರು.

ನನ್ನ ಮಗಳೂ ಅಳಿಯಂದಿರೂ ನಾಟಿಂಗ್‌ಹ್ಯಾಮಿನಲ್ಲಿ ವಾಸವಾಗಿರುವುದರಿಂದ ಒಂದು ಬೇಸಗೆಯನ್ನು ಅಲ್ಲಿ ಕಳೆಯುವ ಅವಕಾಶವು ನನಗೆ ದೊರೆಯಿತು. ಹದಿನೈದು ವರ್ಷದ ಮೊಮ್ಮಗನು ಒಂದು ದಿನ, “ತಾತ, ನ್ಯೂವಾರ್ಕಿಗೆ ಹೋಗಿಬರೋಣ. ನನ್ನ ದಂಡು ಕಾಯಬೇಕಾದ ಊರನ್ನು ಅಳೆದುಕೊಂಡು ಬರಬೇಕು” ಎಂದನು. ದಂಡು ಎಂದರೆ ಅವನ ಮೇಜಿನ ಮೇಲೆ ಅರ್ಧ ಬಣ್ಣ ಬಳಿದುಕೊಂಡು ನಿಂತಿದ್ದ ಹೆಬ್ಬೆರಳಿನ ಗಾತ್ರವೂ ಇಲ್ಲದ ಬೊಂಬೆಗಳು. ಅದರ ವಿಚಾರವನ್ನು ಮುಂದೆ ಹೇಳುವೆನು. ಮೊದಲು ಊರನ್ನು ನೋಡೋಣ.

ರೈಲಿನಲ್ಲಿ ಅರ್ಧ ಗಂಟೆಯ ಪ್ರಯಾಣ. ನಿಲ್ದಾಣದಿಂದ ಹೊರಬಂದು ಸೇತುವೆಯ ಕಡೆಗೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನದಿಯ ಆಚೆಯ ದಡದಲ್ಲಿ ಕೋಟೆಯು ಎದ್ದು ಕಾಣುತ್ತದೆ. ೧೨೧೬ರಲ್ಲಿ ಜಾನ್ ದೊರೆಯು ಪ್ರಾಣಬಿಟ್ಟದ್ದು ಇದರೊಳಗೆ. ನೀರಿನ ಕಡೆಯಿಂದ ನೋಡಿದರೆ ಸಮಗ್ರವಾದ ದುರ್ಗ. ಒಳಹೊಕ್ಕರೆ ಹಿಂದೆ ಏನೂ ಇಲ್ಲ, ಬರಿಯ ತೋಟ. ಯುದ್ಧ ಮುಗಿದಮೇಲೆ ಗೆದ್ದವರು ಮತ್ತೆ ಯಾರೂ ಅಲ್ಲಿ ಸೇರಿಕೊಳ್ಳದಂತೆ ಅದನ್ನು ಕೆಡವಿಸಿದರಂತೆ. ಉತ್ತರಕ್ಕೆ ಹೋಗುವ ಹೆದ್ದಾರಿಯೂ ರೋಮನರ ಕಾಲದ ಫಾಸ್ ಮಾರ್ಗವೂ ಇಲ್ಲಿಯೇ ಕೂಡುವುದರಿಂದ ಈ ಪೇಟೆಯನ್ನು ಹಿಡಿದವನಿಗೆ ದೇಶದ ಬಾಗಿಲಿನ ಅಗುಳಿ ಕೈಗೆ ಬಂದಂತಾಗುತ್ತಿತ್ತು. ಆದುದರಿಂದಲೇ ಮೂರು ಸಲ ಮುತ್ತಿಗೆ.

ಚೌಕದಲ್ಲಿ ಹರ್ಕ್ಯುಲಿಸ್ ಕ್ಲೇ ಎಂಬ ವರ್ತಕನ ಮನೆಯಿದ್ದ ಸ್ಥಳವನ್ನು ತೋರಿಸುತ್ತಾರೆ. ೧೬೪೪ರ ಮಾರ್ಚಿನಲ್ಲಿ, ಎರಡನೆಯ ಮುತ್ತಿಗೆಯ ಕಾಲದಲ್ಲಿ, ತನ್ನ ಮನೆ ಹತ್ತಿ ಉರಿಯುತ್ತಿರುವಂತೆ ಆತನಿಗೆ ಮೂರು ಸಲ ಕನಸು ಬಿದ್ದಿತಂತೆ. ಮೂರನೆಯ ಸಲ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮನೆಬಿಟ್ಟು ಹೊರಟನು. ಬಳಿಕ ಶತ್ರುಗಳ ಗುಂಡು ಬಿದ್ದು ಮನೆ ಸುಟ್ಟುಹೋಯಿತು. ಆತನು ಬಡವರಿಗೆ ಪ್ರತಿವರ್ಷವೂ ರೊಟ್ಟಿ ಹಂಚುವುದಕ್ಕೆಂದು ಹಣವನ್ನು ಬಿಟ್ಟು ಸತ್ತನು. ಸ್ವಪ್ನಫಲದಲ್ಲಿ ನಂಬಿಕೆಯಿಲ್ಲದವರೂ ಆ ರೊಟ್ಟಿಯನ್ನು ಸುಳ್ಳೆನ್ನಲಾರರು.

ಚೌಕದ ಹಿಂದೆ ೨೩೬ ಅಡಿ ಎತ್ತರದ ಶಿಖರವುಳ್ಳ ದೇವಾಲಯವಿದೆ. ಹದಿನಾರನೆಯ ಶತಮಾನದ ಒಂದು ಪಾಠಶಾಲೆಯ ಕಟ್ಟಡದಲ್ಲಿ ೨೦೧೫ರಿಂದ ಅಂತರ್ಯುದ್ಧದ ವಸ್ತುಸಂಗ್ರಹಾಲಯವನ್ನು ಇಟ್ಟಿದ್ದಾರೆ. ಬಹುಕಾಲ ಶಾಲೆಯಲ್ಲಿ ಸವೆದವನಿಗೆ ಹಳೆಯ ಶಾಲೆಯ ಗಾಳಿಯೇ ಒಂದು ಸುಖ. ಅಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ವಜ್ರಾಕೃತಿಯ ಚಿಕ್ಕ ಬೆಳ್ಳಿ ನಾಣ್ಯಗಳ ಮುಂದೆ. ಕಡೆಯ ಮುತ್ತಿಗೆಯಲ್ಲಿ, ಸೈನಿಕರ ಸಂಬಳಕ್ಕೆ ಹಣವಿಲ್ಲದೆ, ಮನೆಮನೆಯ ಬೆಳ್ಳಿಯ ತಟ್ಟೆಗಳನ್ನು ಕತ್ತರಿಸಿ ಮುದ್ರೆಯೊತ್ತಿದವು ಅವು. ತಟ್ಟೆಯನ್ನು ದುಂಡಗೆ ಕತ್ತರಿಸಿದರೆ ಚೂರು ವ್ಯರ್ಥವಾಗುತ್ತದೆ. ಓರೆಯಾಗಿ ಕತ್ತರಿಸಿದರೆ ಎಳ್ಳಷ್ಟೂ ಹೋಗುವುದಿಲ್ಲ. ಯಾವ ಗೃಹಿಣಿ ತನ್ನ ತವರಿನ ತಟ್ಟೆಯನ್ನು ಕೊಟ್ಟಳೋ! ಊರಿನ ಸುತ್ತ ಸುಮಾರು ೧೬,೦೦೦ ಮಂದಿ ಸ್ಕಾಟರೂ ಪಾರ್ಲಿಮೆಂಟಿನವರೂ ಕುಳಿತಿದ್ದರು. ಒಳಗೆ ಹಸಿವು, ಅದರ ಬೆನ್ನಿಗೆ ಸಾಂಕ್ರಾಮಿಕ ರೋಗ. ಆದರೂ ಊರು ಸೋಲಲಿಲ್ಲ. ದೊರೆಯೇ ೧೬೪೬ರ ಮೇ ೫ರಂದು ಹತ್ತಿರದ ಸೌತ್‌ವೆಲ್ಲಿಗೆ ಬಂದು ಸ್ಕಾಟರಿಗೆ ಶರಣಾಗಿ, ಕೆಲ್‌ಹ್ಯಾಮಿನಲ್ಲಿ ಅವರ ವಶದಲ್ಲಿದ್ದುಕೊಂಡು, ಊರನ್ನು ಬಿಟ್ಟುಕೊಡುವಂತೆ ಅಪ್ಪಣೆಮಾಡಿದ ಮೇಲೆ, ಮೇ ೮ರಂದು ಬಾಗಿಲು ತೆರೆಯಿತು.

ಊರ ಹೊರಗೆ ‘ರಾಣಿಯ ಕೊತ್ತಳ’ವೆಂಬ ನಕ್ಷತ್ರಾಕಾರದ ಮಣ್ಣಿನ ದಿಬ್ಬವು ಇಂದಿಗೂ ಹಾಗೆಯೇ ಇದೆ. ಹುಲ್ಲು ಬೆಳೆದು ಹಸುರಾಗಿದೆ. ಮಕ್ಕಳು ಅದರ ಇಳಿಜಾರಿನಲ್ಲಿ ಉರುಳಿ ಆಡುತ್ತಿದ್ದರು. ನಮ್ಮ ಹುಡುಗನು ಅದನ್ನು ಹೆಜ್ಜೆಯಲ್ಲಿ ಅಳೆದು ಪುಸ್ತಕದಲ್ಲಿ ಬರೆದುಕೊಂಡನು. “ಇಷ್ಟು ದೊಡ್ಡದು ನಮ್ಮ ಮೇಜಿಗೆ ಹಿಡಿಯುವುದಿಲ್ಲ, ತಾತ, ಒಂದು ಮೂಲೆಯನ್ನು ಮಾತ್ರ ಮಾಡುತ್ತೇನೆ” ಎಂದನು.

ಅವನ ಮೇಜಿನ ಯುದ್ಧವು ಚಾರಲ್ಸನ ಕಾಲದ್ದಲ್ಲ. ಎಂದೂ ನಡೆಯದೆ ಇದ್ದ ಒಂದು ಯುದ್ಧ. ೧೯೩೬ರಲ್ಲಿ ಎಂಟನೆಯ ಎಡ್ವರ್ಡ್ ದೊರೆಯು ವಿವಾಹವಿಚ್ಛೇದನ ಪಡೆದಿದ್ದ ಸ್ತ್ರೀಯನ್ನು ಮದುವೆಯಾಗಲಿಚ್ಛಿಸಿದನು. ಮಂತ್ರಿ ಬಾಲ್ಡ್‌ವಿನ್ ಒಪ್ಪಲಿಲ್ಲ, ಚರ್ಚೂ ಒಪ್ಪಲಿಲ್ಲ. ಡಿಸೆಂಬರಿನಲ್ಲಿ ದೊರೆಯು ಸಿಂಹಾಸನವನ್ನು ತ್ಯಜಿಸಿದನು. ಒಂದು ವೇಳೆ ತ್ಯಜಿಸದೆ ಹಟಹಿಡಿದಿದ್ದರೆ? ಬಾಲ್ಡ್‌ವಿನ್ನನ ಮಂತ್ರಿಮಂಡಲವು ರಾಜೀನಾಮೆ ಕೊಟ್ಟು, ದೊರೆಯು ಕರಿಯಂಗಿಯ ಫ್ಯಾಸಿಸ್ಟರ ನಾಯಕನಾದ ಆಸ್ವಾಲ್ಡ್ ಮೋಸ್ಲೆಯನ್ನು ಕರೆದು ಅಧಿಕಾರ ಕೊಟ್ಟಿದ್ದರೆ? ೧೯೩೮ರ ಹೊತ್ತಿಗೆ ದೇಶವು ಸೀಳಿ, ಊರೂರಿಗೆ ಒಂದು ಪಕ್ಷವಾಗಿ, ಪಾದ್ರಿಗಳ ಕೂಟ, ಕಾರ್ಮಿಕರ ಕೂಟ, ದೊರೆಯ ಕೂಟ ಎಂದು ಬಡಿದಾಡುತ್ತಿದ್ದವು ಎಂಬುದೇ ಆಟದ ಕಲ್ಪನೆ. ಈ ಕಲ್ಪನೆಯನ್ನು ಹಿಡಿದು ಆಡುವವರು ಆ ದೇಶದಲ್ಲಿ ಬಹುಮಂದಿ ಇದ್ದಾರೆ. ಪ್ರತಿಯೊಬ್ಬನೂ ತನ್ನ ಊರಿನ ದಂಡನ್ನು ತಾನೇ ಕಟ್ಟುತ್ತಾನೆ.

ಬೊಂಬೆಗಳಿಂದ ಯುದ್ಧವಾಡುವುದು ನಮಗೆ ತೀರ ಅಪರಿಚಿತವೇನೂ ಅಲ್ಲ. ಏಳನೆಯ ಶತಮಾನದ ಬಾಣಭಟ್ಟನ ‘ಹರ್ಷಚರಿತ’ದಲ್ಲಿಯೇ ಚತುರಂಗದ ಪ್ರಸ್ತಾಪವಿದೆ. ಅದು ಪಾರಸಿಕರ, ಅರಬರ ಮೂಲಕ ಯುರೋಪಿಗೆ ಹೋಗಿ ಚದುರಂಗವಾಗಿ, ೧೭೮೦ರಲ್ಲಿ ಜರ್ಮನಿಯ ಹೆಲ್ವಿಗ್ ಎಂಬ ವಿದ್ವಾಂಸನ ಕೈಯಲ್ಲಿ ನೂರಾರು ಮನೆಗಳ ರಣರಂಗವಾಯಿತು. ಅನಂತರ ಪ್ರಷ್ಯದ ಸೇನಾಧಿಕಾರಿಗಳು ಇಂಥ ಆಟವನ್ನೇ ಪಾಠವಾಗಿ ಕಲಿತರು. ೧೯೧೩ರಲ್ಲಿ ಎಚ್. ಜಿ. ವೆಲ್ಸ್ ಎಂಬ ಪ್ರಸಿದ್ಧ ಲೇಖಕನು ‘ಚಿಕ್ಕ ಯುದ್ಧಗಳು’ ಎಂಬರ್ಥದ ಹೆಸರಿನ ಪುಸ್ತಕವನ್ನು ಬರೆದು ಇದನ್ನು ಮನೆಯ ನೆಲಕ್ಕೆ ಇಳಿಸಿದನು. ಮರುವರ್ಷವೇ ದೊಡ್ಡ ಯುದ್ಧವು ಬಂದಿತು. ಈಗ ನಾಟಿಂಗ್‌ಹ್ಯಾಮ್ ಸೀಮೆಯೇ ಬೊಂಬೆಯ ಎರಕದ ತವರು. ೧೯೭೦ರ ದಶಕದ ಕೊನೆಯಲ್ಲಿ ಸಿಟಡಲ್ ಎಂಬ ಹೆಸರುವಾಸಿಯಾದ ಕಾರ್ಖಾನೆಯು ಹುಟ್ಟಿದ್ದೇ ನ್ಯೂವಾರ್ಕಿನಲ್ಲಿ. ‘ಪಾರ್ಟಿಜನ್’ ಎಂಬ ಬೊಂಬೆಯುದ್ಧದ ಮೇಳವು ಈಗ ಊರ ಹೊರಗಿನ ಪ್ರದರ್ಶನದ ಮೈದಾನದಲ್ಲಿ ಸೇರುತ್ತದೆ; ಮುಂಚೆ ಬಹುವರ್ಷ ಸೇರುತ್ತಿದ್ದುದು ದೊರೆಯು ಸೆರೆಯಲ್ಲಿದ್ದ ಕೆಲ್‌ಹ್ಯಾಮಿನಲ್ಲಿಯೇ. ಈಗ ಅಲ್ಲಿರುವ ಭವನವು ಹತ್ತೊಂಬತ್ತನೆಯ ಶತಮಾನದ್ದು, ಸ್ಥಳವು ಅದೇ.

ದಂಡು ಕಟ್ಟುವ ಕೆಲಸವು ತಾಳ್ಮೆಯದು. ಬೊಂಬೆಯ ಎತ್ತರ ೨೮ ಮಿಲಿಮೀಟರು. ತವರ ಬೆರೆತ ಲೋಹವನ್ನು ಕರಗಿಸಿ, ಗಿರ್ರನೆ ತಿರುಗುವ ರಬ್ಬರಿನ ಅಚ್ಚಿಗೆ ಹೊಯ್ದರೆ ಬೆರಳು, ಗುಂಡಿ, ಮೀಸೆ ಎಲ್ಲವೂ ಮೂಡುತ್ತವೆ. ಒಂದೊಂದಕ್ಕೆ ಸುಮಾರು ಎರಡು ಪೌಂಡು ಬೆಲೆ. ಹುಡುಗನು ತನ್ನ ಕೈಖರ್ಚಿನ ಹಣವನ್ನು ಉಳಿಸಿ ತರುತ್ತಾನೆ. ಅಚ್ಚಿನ ಅಂಚನ್ನು ಸಣ್ಣ ಅರದಿಂದ ಉಜ್ಜಿ, ಅಡಿಗೆ ಬಿಲ್ಲೆಯಂಟಿಸಿ, ತಳಬಣ್ಣ ಕೊಟ್ಟು, ಒಣಗಿದ ಮೇಲೆ ಮೂರು ನಾಲ್ಕು ಕೂದಲಿನ ಕುಂಚದಿಂದ ಬಣ್ಣವಿಡಬೇಕು. ಮಡಿಕೆಗಳಲ್ಲಿ ನೀರಾದ ಕಂದುಬಣ್ಣವನ್ನು ಹರಿಯಬಿಟ್ಟು, ಉಬ್ಬಿದ ಕಡೆ ತಿಳಿಬಣ್ಣವನ್ನು ಸವರಿದರೆ ಜೀವ ಬಂದಂತಾಗುತ್ತದೆ. ನಮ್ಮ ಕಿನ್ನಾಳದ ಚಿತ್ರಗಾರರು ಇದನ್ನು ಕಂಡಿದ್ದರೆ ಹೌದೆನ್ನುತ್ತಿದ್ದರು.

ಆದರೆ ನನ್ನ ಮನಸ್ಸನ್ನು ಹಿಡಿದದ್ದು ಬಣ್ಣವಲ್ಲ, ಆಯ್ಕೆ. ಅಂತರ್ಯುದ್ಧದಲ್ಲಿ ಸಮವಸ್ತ್ರದ ಸೈನ್ಯವೆಲ್ಲಿಂದ ಬಂದೀತು? ಮೊದಲನೆಯ ಮಹಾಯುದ್ಧದ ಪದಾತಿಯ ಬೊಂಬೆಗೆ ತೋಳಪಟ್ಟಿ ಬರೆದರೆ ಊರಿನ ಹಳೆಯ ಸಿಪಾಯಿ. ಟೋಪಿ ತೊಟ್ಟ ಕೂಲಿಗೆ ಕೋವಿ ಕೊಟ್ಟರೆ ಕಾರ್ಖಾನೆಯ ಸ್ವಯಂಸೇವಕ. ಹುಡುಗನ ದಂಡಿನಲ್ಲಿ ಮೂವತ್ತಾರು ಮಂದಿ: ಬೇರಿಂಗು ಕಾರ್ಖಾನೆಯ ಕಾರ್ಮಿಕರು ಹತ್ತು, ಚರ್ಚಿನ ಭಕ್ತರು ಹತ್ತು, ಬಾತುಕೋಳಿ ಹೊಡೆಯುವ ಕೋವಿ ಹಿಡಿದ ರೈತರ ಮಕ್ಕಳು ಎಂಟು, ಯಂತ್ರದ ಕೋವಿಗೆ ಮೂವರು, ಇಬ್ಬರು ದಾದಿಯರು, ಒಬ್ಬ ಪೊಲೀಸಿನವನು, ಒಬ್ಬ ಪಾದ್ರಿ. ಇವರಿಗೆಲ್ಲ ತಗಡು ಹೊದಿಸಿದ ಒಂದು ಲಾರಿ. ಒಬ್ಬೊಬ್ಬನನ್ನು ಆರಿಸುವಾಗಲೂ ಹುಡುಗನು “ಇವನು ಯಾರ ಕಡೆ ಹೋಗುತ್ತಿದ್ದ?” ಎಂದು ಕೇಳಿಕೊಳ್ಳುವನು. ಅಂಗಡಿಯವನು ಯಾರ ಕಡೆ? ಸ್ಟೇಷನ್ ಮಾಸ್ತರನು ಯಾರ ಕಡೆ? ಊರನ್ನು ಬೀದಿಬೀದಿಯಾಗಿ ಬಲ್ಲವನಿಗಲ್ಲದೆ ಉತ್ತರ ಸಿಕ್ಕದು. ಆ ಬೇರಿಂಗು ಕಾರ್ಖಾನೆಯು ನಿಜವಾದುದೇ. ೧೯೪೧ರ ಮಾರ್ಚ್ ೭ರಂದು ಜರ್ಮನರ ಬಾಂಬು ಬಿದ್ದು ಅಲ್ಲಿ ೪೧ ಮಂದಿ ಸತ್ತರು. ನ್ಯೂವಾರ್ಕಿಗೆ ನಿಜವಾಗಿ ಬಂದ ಯುದ್ಧ ಅದು.

ಎಣಿಸಿದ ವಾಚಕರು ಮೂವತ್ತೈದೇ ಆಯಿತೆನ್ನಬಹುದು. ಮೂವತ್ತಾರನೆಯವನಿಗಾಗಿ ಮೊಮ್ಮಗನು ಬಹಳ ಯೋಚಿಸುತ್ತಿದ್ದನು. ಕಡೆಗೊಮ್ಮೆ ನನ್ನನ್ನೇ ಕೇಳಿದನು: “ತಾತ, ಆಗ ನಮ್ಮಂಥವರು ಇಲ್ಲಿ ಇದ್ದರೆ ಎಲ್ಲಿ ನಿಲ್ಲುತ್ತಿದ್ದರು?”

ಆ ಪ್ರಶ್ನೆಯು ನನ್ನಲ್ಲಿಯೂ ಇದ್ದಿತು. ಹುಡುಗನ ಬಾಯಿಂದ ಕೇಳಿದಾಗ ಎದೆ ಝಲ್ಲೆಂದಿತು. ಕರಿಯಂಗಿಯವರು ಕಲ್ಪನೆಯಲ್ಲ. ೧೯೩೬ರ ಅಕ್ಟೋಬರ್ ೪ರಂದು ಲಂಡನ್ನಿನ ಯಹೂದ್ಯರ ಕೇರಿಯ ಮೇಲೆ ಮೋಸ್ಲೆಯ ಮೆರವಣಿಗೆ ಹೊರಟಾಗ, ಕೇಬಲ್ ಬೀದಿಯಲ್ಲಿ ಜನರು ಅಡ್ಡಕಟ್ಟಿ ನಿಲ್ಲಿಸಿದರು. ಮೋಸ್ಲೆ ಗೆದ್ದಿದ್ದರೆ ಈ ಬಣ್ಣದ ಹುಡುಗನಿಗೆ ನಾಟಿಂಗ್‌ಹ್ಯಾಮಿನಲ್ಲಿ ಮನೆಯೆಲ್ಲಿ, ಶಾಲೆಯೆಲ್ಲಿ? ನಾನು ಅವನಿಗೆ ಡಾಕ್ಟರ್ ಕಟಿಯಾಲರ ಕಥೆಯನ್ನು ಹೇಳಿದೆನು. ಪಂಜಾಬಿನಿಂದ ಬಂದು ಲಂಡನ್ನಿನ ಬಡವರ ಕೇರಿಯಲ್ಲಿ ವೈದ್ಯರಾಗಿದ್ದವರು. ೧೯೩೧ರಲ್ಲಿ ಗಾಂಧೀಜಿಯೂ ಚಾರ್ಲಿ ಚಾಪ್ಲಿನ್ನನೂ ಭೇಟಿಯಾದದ್ದು ಇವರ ಮನೆಯಲ್ಲಿ. ೧೯೩೮ರಲ್ಲಿ, ಈ ಆಟದ ವರ್ಷದಲ್ಲಿಯೇ, ಫಿನ್ಸ್‌ಬರಿಯ ಜನರು ಇವರನ್ನು ತಮ್ಮ ಮೇಯರನ್ನಾಗಿ ಮಾಡಿಕೊಂಡರು. ಹುಡುಗನು ಒಂದು ಮಾತೂ ಆಡದೆ ಎದ್ದುಹೋದನು.

ಮಾರನೆಯ ದಿನ ಪಟ್ಟಣಿಗನೊಬ್ಬನ ಬೊಂಬೆಯ ಕೈಯಿಂದ ಪಿಸ್ತೂಲನ್ನು ಕತ್ತರಿಸಿ ತೆಗೆದಿದ್ದನು. ಮೇಣದಂತೆ ನಾದಿ ಒತ್ತಿದರೆ ಕಲ್ಲಾಗುವ ಪದಾರ್ಥದಿಂದ ಒಂದು ಚರ್ಮದ ಚೀಲವನ್ನು ಮಾಡಿ ಆ ಕೈಗೆ ಕೊಟ್ಟಿದ್ದನು. ಮುಖದ ಬಣ್ಣಕ್ಕೆ ಮಾತ್ರ ಸಂಜೆಯವರೆಗೂ ಒದ್ದಾಡಿದನು. ಒಮ್ಮೆ ತೀರ ಕಪ್ಪು, ಒಮ್ಮೆ ಇಟ್ಟಿಗೆ. ಕೊನೆಗೆ ಕನ್ನಡಿಯ ಮುಂದೆ ತನ್ನ ಕೆನ್ನೆಯ ಪಕ್ಕಕ್ಕೆ ಬೊಂಬೆಯನ್ನು ಹಿಡಿದು ಬಣ್ಣ ಬೆರೆಸಿದನು.

ಭಾನುವಾರ ಆಟ. ಕರಿಯಂಗಿಯ ದಂಡು ನೆರೆಮನೆಯ ಮುದುಕರದು. ಅವರೂ ನನ್ನ ಹಾಗೆ ನಿವೃತ್ತರಾದ ಮೇಷ್ಟರು, ಇತಿಹಾಸವನ್ನು ಕಲಿಸಿದವರು. ತಾವು ಇವರನ್ನೇಕೆ ಇಷ್ಟು ಶ್ರದ್ಧೆಯಿಂದ ಬಣ್ಣ ಬಳಿದಿರಿ ಎಂದು ಕೇಳಿದೆನು. ಅವರಿಗೆ ಕೋಪ ಬರಲಿಲ್ಲ. “ನಾನು ಇವರನ್ನು ಮೇಜಿನ ಮೇಲೆ ಇಡದೆಹೋದರೆ, ನಮ್ಮ ದೇಶದಲ್ಲಿ ಇಂಥವರು ಇರಲೇ ಇಲ್ಲವೆಂದು ಈ ಮಕ್ಕಳು ತಿಳಿದುಕೊಳ್ಳುತ್ತಾರೆ” ಎಂದರು. ಈ ಉತ್ತರವು ನನಗೆ ಅರ್ಧ ಒಪ್ಪಿಗೆಯಾಯಿತು. ಮಿಕ್ಕ ಅರ್ಧಕ್ಕೆ ಅಡ್ಡಿಯಾದದ್ದು ಆ ಅಂಗಿಗಳ ಅಂದ. ಎಲ್ಲ ದಂಡುಗಳಿಗಿಂತಲೂ ಅದೇ ಠೀವಿಯಾಗಿ ಕಾಣುತ್ತಿದ್ದಿತು. ಪಾರ್ಲಿಮೆಂಟು ೧೯೩೬ರಲ್ಲಿ ರಾಜಕೀಯ ಸಮವಸ್ತ್ರಗಳನ್ನೇ ನಿಷೇಧಿಸುವ ಶಾಸನ ಮಾಡಿದ್ದು ಸುಮ್ಮನೆ ಅಲ್ಲವೆಂದು ಆಗ ಮನದಟ್ಟಾಯಿತು.

ದಾಳಗಳು ಹುಡುಗನಿಗೆ ಒಲಿಯಲಿಲ್ಲ. ಸೇತುವೆ ಹೋಯಿತು, ತಗಡಿನ ಲಾರಿ ಕೊತ್ತಳದ ಬುಡದಲ್ಲಿ ಹತ್ತಿ ಉರಿಯಿತೆಂದು ಅದರ ಮೇಲೆ ಹತ್ತಿಯ ಹೊಗೆಯನ್ನು ಇಟ್ಟರು. ಕರಿಯಂಗಿಯವರು ಚೌಕವನ್ನು ಹೊಕ್ಕಾಗ ವೈದ್ಯನು ಕ್ಲೇ ಮನೆಯ ಬಾಗಿಲಲ್ಲಿ, ಬಿದ್ದಿದ್ದ ಇಬ್ಬರ ನಡುವೆ ಇದ್ದನು. ಆ ಇಬ್ಬರಲ್ಲಿ ಒಬ್ಬನು ಕರಿಯಂಗಿಯವನು. ಇವನನ್ನು ಹೊಡೆಯಬಹುದೇ, ಸೆರೆಹಿಡಿಯಬಹುದೇ, ಬಿಟ್ಟುಬಿಡಬೇಕೇ? ನಿಯಮದ ಪುಸ್ತಕವನ್ನು ತಿರುವಿಹಾಕಿದರು. ಅದರಲ್ಲಿ ಏನೂ ಇರಲಿಲ್ಲ. ಮುದುಕರು ಕನ್ನಡಕವನ್ನು ತೆಗೆದು ಒರಸಿಕೊಳ್ಳುತ್ತ ಬಹಳ ಹೊತ್ತು ಸುಮ್ಮನಿದ್ದರು. ಅಷ್ಟರಲ್ಲಿ ಮಗಳು ಊಟಕ್ಕೆ ಕರೆದಳು. ಮುಂದಿನ ವಾರ ತೀರ್ಮಾನಿಸೋಣವೆಂದು ಒಂದು ಕಾಗದದಲ್ಲಿ ಬೊಂಬೆಗಳ ಸ್ಥಾನವನ್ನೆಲ್ಲ ಗುರುತುಮಾಡಿಕೊಂಡು, ಮೇಜಿನ ಮೇಲೆ ಹಳೆಯ ಪಂಚೆಯೊಂದನ್ನು ಹೊದಿಸಿ ಎದ್ದರು.