ಬಕೆಟ್ಟಿನ ದುಡ್ಡು ಮತ್ತು ವೇಲ್ಸಿನ ಒಂದು ಕಣಿವೆ

ಸಿನಿಮಾ ನೋಡಿ, ಅದು ನಡೆದ ಊರು ಹುಡುಕಿಕೊಂಡು ಹೋಗುವಷ್ಟು ಹುಚ್ಚು ನನಗಿಲ್ಲ. ಈ ಸಲ ಮಾತ್ರ ಹೋದೆ.

ಆಫೀಸಿನವರು ಒಂದು ಪ್ರಾಜೆಕ್ಟ್ ಮೇಲೆ ಆರು ತಿಂಗಳಿಗೆ ಅಂತ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಕಳಿಸಿದ್ದರು. ಜನವರಿಯ ಒಂದು ಶನಿವಾರ. ಸಂಜೆ ಐದಕ್ಕೆಲ್ಲ ಕತ್ತಲು, ಹೊರಗೆ ಜಿಟಿಜಿಟಿ ಮಳೆ. ಅನ್ನ, ತಿಳಿಸಾರು ಮಾಡಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಾಗ ಸಿಕ್ಕಿದ್ದು ‘ಪ್ರೈಡ್’. 2014ರ ಚಿತ್ರ, ಮ್ಯಾಥ್ಯೂ ವಾರ್ಕಸ್ ನಿರ್ದೇಶನ. ಗಣಿ ಕಾರ್ಮಿಕರ ಕಥೆ ಅಂತ ಬರೆದಿದ್ದರು, ಅದಕ್ಕೇ ಹಾಕಿದೆ. ನಾನು ಕೆಜಿಎಫ್ ಹುಡುಗ. ಅಪ್ಪ ಚಾಂಪಿಯನ್ ರೀಫ್‌ನಲ್ಲಿ ಭೂಮಿಯೊಳಗೆ ಇಳಿದು ದುಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ನಾನಿನ್ನೂ ಪ್ರೈಮರಿ ಸ್ಕೂಲು.

ಕಥೆ ನಿಜವಾಗಿ ನಡೆದದ್ದು. 1984ರಲ್ಲಿ ಬ್ರಿಟನ್ನಿನ ಥ್ಯಾಚರ್ ಸರ್ಕಾರದ ಕಾಲದಲ್ಲಿ 20 ಕಲ್ಲಿದ್ದಲ ಗಣಿಗಳನ್ನು ಮುಚ್ಚುವ ಮಾತು ಬಂತು. 20,000 ಜನರ ಕೆಲಸ ಹೋಗುತ್ತಿತ್ತು. ಮಾರ್ಚಿನಲ್ಲಿ ಮುಷ್ಕರ ಶುರುವಾಯಿತು, ಹತ್ತಿರ ಹತ್ತಿರ ಒಂದು ವರ್ಷ ನಡೆಯಿತು. ಸಂಬಳವಿಲ್ಲ, ಮನೆಗಳಲ್ಲಿ ಒಲೆ ಉರಿಯುವುದೇ ಕಷ್ಟ. ಆಗ ಲಂಡನ್ನಿನಲ್ಲಿ ಮಾರ್ಕ್ ಆಷ್ಟನ್, ಮೈಕ್ ಜ್ಯಾಕ್ಸನ್ ಮತ್ತವರ ಗೆಳೆಯರು, ಸಲಿಂಗಿ ಹುಡುಗ ಹುಡುಗಿಯರು, ಪ್ಲಾಸ್ಟಿಕ್ ಬಕೆಟ್ ಹಿಡಿದು ರಸ್ತೆಯಲ್ಲಿ ನಿಂತರು. ಸಿನಿಮಾದ ಮಾರ್ಕ್ ಕೊಡುವ ಕಾರಣ ಸರಳ: ಇಷ್ಟು ದಿನ ಪೊಲೀಸರು, ಪತ್ರಿಕೆಗಳು, ಸರ್ಕಾರ ಎಲ್ಲ ನಮ್ಮ ಮೇಲೆ ಬೀಳುತ್ತಿದ್ದರು, ಈಗ ಅವರ ಮೇಲೆ ಬಿದ್ದಿದ್ದಾರೆ.

ದುಡ್ಡೇನೋ ಕೂಡಿತು, ತಗೊಳ್ಳುವವರು ಬೇಕಲ್ಲ! ಸಿನಿಮಾದಲ್ಲಿ ಇವರ ಹೆಸರು ಕೇಳಿದ ಕೂಡಲೇ ಯೂನಿಯನ್ನಿನವರು ಫೋನ್ ಇಟ್ಟುಬಿಡುತ್ತಾರೆ. ಕೊನೆಗೆ ವೇಲ್ಸಿನ ಡಿಲೈಸ್ ಕಣಿವೆಯ ಒಂದು ಸಣ್ಣ ಊರಿಗೆ ನೇರವಾಗಿ ಫೋನ್ ಮಾಡುತ್ತಾರೆ. ಅಲ್ಲಿಂದ ಲಂಡನ್ನಿಗೆ ಬಂದ ಡೈ ಅನ್ನುವವನು ಸಂಘದ ಹೆಸರಿನ ‘ಎಲ್’ ಅಕ್ಷರ ಅಂದರೆ ಲಂಡನ್ ಅಂದುಕೊಂಡಿರುತ್ತಾನೆ. ಅದು ಲೆಸ್ಬಿಯನ್ ಅಂತ ಗೊತ್ತಾದಾಗ ಅವನ ಮುಖ ನೋಡಬೇಕು. ಆದರೂ ಎದ್ದು ಹೋಗುವುದಿಲ್ಲ. ಆಮೇಲೆ ಇವರೇ ಕಣಿವೆಗೆ ಬಂದಾಗ ಅಲ್ಲಿನ ಒಬ್ಬ ಅಜ್ಜಿ, ಲೆಸ್ಬಿಯನ್ನರೆಲ್ಲ ಸಸ್ಯಾಹಾರಿಗಳಂತೆ ಹೌದಾ ಅಂತ ಬಹಳ ಗಂಭೀರವಾಗಿ ವಿಚಾರಿಸುತ್ತಾಳೆ. ನಮ್ಮ ಕಡೆ ಮನೆಗೆ ಹೊಸಬರು ಬಂದರೆ ಮೊದಲು ಕೇಳುವ ಪ್ರಶ್ನೆಯೂ ಅದೇ ತಾನೆ, ನೀವು ತಿಂತೀರಾ ಅಂತ! ಒಬ್ಬನೇ ಕೂತು ಗಟ್ಟಿಯಾಗಿ ನಕ್ಕೆ.

ಆದರೆ ಆ ಬಕೆಟ್ ಬಂದಾಗಲೆಲ್ಲ ನಗು ನಿಂತುಹೋಗುತ್ತಿತ್ತು. ಕಾರಣ ಹೇಳಿಬಿಡುತ್ತೇನೆ.

ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಅಪ್ಪನಿಗೆ ಉಸಿರಾಟದ ತೊಂದರೆ ಜೋರಾಗಿ ಬೆಂಗಳೂರಿನಲ್ಲಿ ಅಡ್ಮಿಟ್ ಮಾಡಿದ್ದೆವು. ಗಣಿಯ ಧೂಳು, ಇನ್ನೇನು. ನನ್ನ ಹಾಸ್ಟೆಲಿನ ಒಬ್ಬ ಹುಡುಗ, ನನಗೆ ಅಷ್ಟೇನೂ ಆಪ್ತನಲ್ಲ, ತನ್ನ ಸ್ನಾನದ ಬಕೆಟ್ ಹಿಡಿದು ಎಲ್ಲ ರೂಮಿನ ಬಾಗಿಲು ತಟ್ಟಿ 14,000 ರೂಪಾಯಿ ಎತ್ತಿಕೊಂಡು ಬಂದ. ಹತ್ತರ ನೋಟು, ಐವತ್ತರ ನೋಟು, ಚಿಲ್ಲರೆ. ನನ್ನ ಮಂಚದ ಮೇಲೆ ಸುರಿದು, ‘ಎಣಿಸ್ಕೊಳೋ, ನಂಗೆ ಲೆಕ್ಕ ಬರಲ್ಲ’ ಅಂದ. ಅವತ್ತು ರಾತ್ರಿಯ ಬಸ್ಸಿಗೇ ನಾನು ಬೆಂಗಳೂರಿಗೆ ಹೊರಟೆ.

ಮರುವರ್ಷ ಹುಡುಗರು ಅವನ ನಡಿಗೆ, ಮಾತಿನ ಧಾಟಿ ಹಿಡಿದು ಅಣಕಿಸೋಕೆ ಶುರು ಮಾಡಿದರು. ಒಂದಿನ ಅವನ ಬಾಗಿಲ ಮೇಲೆ ಚಾಕ್‌ಪೀಸಲ್ಲಿ ಏನೋ ಬರೆದಿದ್ದರು. ಅವನು ಒದ್ದೆ ಟವಲ್ ತಂದು ಅದನ್ನು ಒರೆಸುತ್ತಿದ್ದಾಗ ಕಾರಿಡಾರಿನಲ್ಲಿ ನಿಂತು ನಕ್ಕ ಏಳೆಂಟು ಜನರಲ್ಲಿ ನಾನೂ ಒಬ್ಬ. ಜೋರಾಗೇನೂ ನಗಲಿಲ್ಲ. ಆದರೆ ಅವನು ತಿರುಗಿ ನೋಡಿದ್ದು ನನ್ನನ್ನೇ. ತಿಂಗಳೊಳಗೆ ಅವನು ಹಾಸ್ಟೆಲ್ ಬಿಟ್ಟು ಪಿಜಿಗೆ ಹೋದ. ಅವರು ಅಂದ ಹಾಗೆ ಅವನಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ.

ಸಿನಿಮಾ ಮುಗಿದ ಮೇಲೆ ನಿದ್ದೆ ಬರಲಿಲ್ಲ. ಮ್ಯಾಪ್ ತೆಗೆದು ನೋಡಿದರೆ ಆ ಕಣಿವೆ ಅಂಥ ದೂರವೇನಲ್ಲ.

ಮಾರ್ಚ್ ತಿಂಗಳ ಒಂದು ಶನಿವಾರ ಬ್ರಿಸ್ಟಲ್ ಪಾರ್ಕ್‌ವೇಯಲ್ಲಿ ಸ್ವಾನ್ಸಿ ಕಡೆಯ ರೈಲು ಹತ್ತಿದೆ. ಸೆವರ್ನ್ ನದಿಯ ಕೆಳಗಿನ ಸುರಂಗ ಏಳು ಕಿಲೋಮೀಟರ್. ಅದನ್ನು ದಾಟಿದರೆ ವೇಲ್ಸ್. ಸ್ಟೇಷನ್ ಬೋರ್ಡುಗಳೆಲ್ಲ ಎರಡೆರಡು ಭಾಷೆಯಲ್ಲಿ. ರಸ್ತೆ ಮೇಲೆ ಸ್ಲೋ ಅನ್ನುವುದರ ಜೊತೆಗೆ ‘ಅರಾವ್’ ಅಂತ ವೆಲ್ಷ್‌ನಲ್ಲೂ ಬರೆದಿರುತ್ತಾರೆ. ಸಣ್ಣ ಭಾಷೆಯವರ ಹಟ ನೋಡಿ ಖುಷಿಯಾಯಿತು. ನೀತ್ ಎಂಬ ಊರಿನಲ್ಲಿ ಇಳಿದು ಬಸ್ಸು ಹಿಡಿದೆ.

ಕಣಿವೆ ಹಸಿರೋ ಹಸಿರು. ಗಣಿ ಇದ್ದ ಜಾಗ ಅಂತ ಯಾರಾದರೂ ಹೇಳಬೇಕು. ನಮ್ಮ ಕೆಜಿಎಫ್‌ನಲ್ಲಿ ಸಯನೈಡ್ ಗುಡ್ಡಗಳು ಮೈಲಿ ದೂರದಿಂದಲೇ ಕಾಣಿಸುತ್ತವೆ, ಗಾಳಿ ಬಂದರೆ ಬಾಯಿಗೆ ಮಣ್ಣು. ಇಲ್ಲಿ ಎಲ್ಲದರ ಮೇಲೂ ಹುಲ್ಲು ಬೆಳೆದಿದೆ. ಕ್ರಿನಂಟ್ ಹತ್ತಿರ ಕೆವ್ನ್ ಕೋಯ್ಡ್ ಗಣಿಯ ಕಬ್ಬಿಣದ ಹೆಡ್‌ಗೇರ್‌ಗಳು ಮಾತ್ರ ಇನ್ನೂ ನಿಂತಿವೆ. ಅಲ್ಲೇ ಇಳಿದು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಒಂದು ಕಾಲಕ್ಕೆ ಆಂಥ್ರಸೈಟ್ ಕಲ್ಲಿದ್ದಲಿನ ಗಣಿಗಳಲ್ಲಿ ಪ್ರಪಂಚದಲ್ಲೇ ಆಳವಾದದ್ದು ಇದು, ಮುಕ್ಕಾಲು ಕಿಲೋಮೀಟರ್ ಸಮೀಪ ಅಂದೆ.

‘ಅಷ್ಟೇನಾ?’ ಅಂದರು ಅಪ್ಪ. ಮೂರು ಕಿಲೋಮೀಟರ್ ದಾಟಿದ ಗಣಿಯವರು, ಅನ್ನದೆ ಇರುತ್ತಾರಾ! ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ‘ಚಕ್ರಕ್ಕೆ ಪೇಂಟ್ ಹೊಡೆದು ಇಟ್ಕೊಂಡಿದ್ದಾರೆ, ಪರವಾಗಿಲ್ಲ’ ಅಂದರು. ಪಕ್ಕದ ಬ್ಲೇನಾಂಟ್ ಗಣಿಯೂ 1990ರಲ್ಲಿ ಮುಚ್ಚಿತು ಅಂದೆ. ‘ನಮಗಿಂತ ಮುಂಚೆ’ ಅಂದರು.

ಮುಂದೆ ಸೆವೆನ್ ಸಿಸ್ಟರ್ಸ್ ಅಂತ ಒಂದು ಊರು. ಗಣಿಯ ಮಾಲೀಕನ ಏಳು ಜನ ಅಕ್ಕತಂಗಿಯರ ನೆನಪಿಗೆ ಗಣಿಗೆ ಇಟ್ಟ ಹೆಸರು, ಊರಿಗೂ ಅಂಟಿಕೊಂಡಿತು. ಅದನ್ನು ದಾಟಿ ಇನ್ನೂ ಮೇಲಕ್ಕೆ ಹೋದರೆ ಆನ್‌ಲ್ವಿನ್. ಈ ಹೆಸರಿನ ನಡುವೆ ಬರುವ ಜೋಡಿ ‘ಎಲ್’ ನಮ್ಮ ನಾಲಿಗೆಗೆ ಹೊರಳುವುದಿಲ್ಲ. ಬಸ್ ಡ್ರೈವರ್ ಎರಡು ಸಲ ಹೇಳಿಕೊಟ್ಟು ನಕ್ಕು ಕೈಬಿಟ್ಟ.

ಅಲ್ಲಿನ ಗಣಿ ಕಾರ್ಮಿಕರ ವೆಲ್‌ಫೇರ್ ಹಾಲ್ ನೋಡಲು ಸಾಧಾರಣ ಕಟ್ಟಡ, ನಮ್ಮ ಕಡೆಯ ಸಮುದಾಯ ಭವನದ ಹಾಗೆ. ನಾನು ಹೋದಾಗ ಬೀಗ ಹಾಕಿತ್ತು. ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ನಿಂತೆ. 1984ರ ಅಕ್ಟೋಬರಿನಲ್ಲಿ ಲಂಡನ್ನಿನಿಂದ ವ್ಯಾನ್ ಮಾಡಿಕೊಂಡು ಬಂದ ಆ ಹುಡುಗರು ಇಂಥ ಬಾಗಿಲು ತಳ್ಳಿ ಒಳಗೆ ಕಾಲಿಡುವಾಗ ಏನನ್ನಿಸಿರಬೇಕು? ಒಳಗಿದ್ದವರಿಗೆ? ನನಗೆ ಹುಡುಗರ ಧೈರ್ಯಕ್ಕಿಂತ ಒಳಗಿದ್ದವರದ್ದೇ ದೊಡ್ಡದು ಅನ್ನಿಸುತ್ತದೆ. ಕೊಡುವವನಿಗೆ ಒಂದು ಹೆಮ್ಮೆಯಾದರೂ ಇರುತ್ತದೆ. ನಿನ್ನೆವರೆಗೆ ತಾವೇ ಆಡಿಕೊಂಡು ನಕ್ಕವರ ಕೈಯಿಂದ ತಗೊಂಡು, ನಾಲ್ಕು ಜನರ ಮುಂದೆ ಇವರು ನಮ್ಮವರು ಅನ್ನುವುದಿದೆಯಲ್ಲ, ಅದು ನನ್ನಿಂದ ಆಗಿರಲಿಲ್ಲ.

ಆ ಸಂಘದವರು ಕೂಡಿಸಿದ್ದು 20,000 ಪೌಂಡಿಗೂ ಮೇಲೆ. 1984ರ ಡಿಸೆಂಬರ್ 10ರಂದು ಲಂಡನ್ನಿನ ಕ್ಯಾಮ್ಡೆನ್‌ನಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮವನ್ನೂ ಮಾಡಿದರು. ಆದರೂ ಮುಷ್ಕರ ಸೋತಿತು. 1985ರ ಮಾರ್ಚಿನಲ್ಲಿ ಕಾರ್ಮಿಕರು ಏನೂ ಸಿಗದೆ ಕೆಲಸಕ್ಕೆ ಮರಳಿದರು. ಸಿನಿಮಾ ಇದನ್ನು ಮುಚ್ಚಿಡುವುದಿಲ್ಲ. ಅದಾಗಿ ಮೂರು ತಿಂಗಳಿಗೆ, ಜೂನಿನಲ್ಲಿ ಲಂಡನ್ನಿನಲ್ಲಿ ಸಲಿಂಗಿಗಳ ಮೆರವಣಿಗೆ. ವೇಲ್ಸಿನ ಗಣಿಯವರು ಬ್ಯಾನರ್ ಹಿಡಿದು ಬಂದು ಅದರ ಮುಂದೆ ನಡೆದರು. ಕೈಯಲ್ಲಿ ದುಡ್ಡಿಲ್ಲ, ಮುಷ್ಕರ ಮುಗಿದಿದೆ, ಇನ್ನು ಇವರಿಂದ ಆಗಬೇಕಾದದ್ದೂ ಏನಿಲ್ಲ. ಆದರೂ ಬಂದರು. ಅದೇ ವರ್ಷ ಲೇಬರ್ ಪಕ್ಷ ಸಲಿಂಗಿಗಳ ಹಕ್ಕುಗಳ ಪರವಾಗಿ ನಿರ್ಣಯ ಮಾಡಿದಾಗ ಗಣಿ ಕಾರ್ಮಿಕರ ಯೂನಿಯನ್ನಿನ ಓಟು ಅದರ ಬೆನ್ನಿಗಿತ್ತು. ಮಾರ್ಕ್ ಆಷ್ಟನ್ 1987ರಲ್ಲಿ ಏಡ್ಸ್‌ನಿಂದ ತೀರಿಕೊಂಡ. ಬರೀ 26 ವರ್ಷ. ಹಾಸ್ಟೆಲ್ ಬಿಟ್ಟು ನಾವೆಲ್ಲ ಕೆಲಸಕ್ಕೆ ಸೇರಿ ಕಾರಿನ ಲೋನ್ ಹುಡುಕುವ ವಯಸ್ಸು.

ವಾಪಸ್ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಮಳೆ ಶುರುವಾಯಿತು. ಸ್ಟಾಪಿನಲ್ಲಿ ಕೂತು ಹಳೇ ಹಾಸ್ಟೆಲ್ ಗ್ರೂಪಿನಲ್ಲಿದ್ದ ಒಬ್ಬನನ್ನು ಕೇಳಿ ಅವನ ನಂಬರ್ ತರಿಸಿಕೊಂಡೆ. ಏನು ಬರೆಯಬೇಕು ಅಂತ ನಾಲ್ಕು ಸಲ ಟೈಪ್ ಮಾಡಿ ಅಳಿಸಿದೆ. ಕೊನೆಗೆ ಇಷ್ಟು ಬರೆದೆ: ‘ನಾನು ಕೆಜಿಎಫ್‌ನವನು. ನಿನ್ನ ಬಕೆಟ್ಟಿನ ದುಡ್ಡು ನೆನಪಿದೆ. ಆ ದಿನ ಕಾರಿಡಾರಲ್ಲಿ ನಾನೂ ನಕ್ಕಿದ್ದೆ, ಅದೂ ನೆನಪಿದೆ. ತಪ್ಪಾಯ್ತು.’ ಕಳಿಸಿದ ಮೇಲೆ ಫೋನ್ ಜೇಬಿಗಿಟ್ಟು ಜಿಪ್ ಹಾಕಿಬಿಟ್ಟೆ.

ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಆಫೀಸಿನಲ್ಲಿ ಮೀಟಿಂಗ್ ನಡುವೆ ಬಂತು. ಒಂದೇ ಸಾಲು.

‘ಅಪ್ಪ ಹೇಗಿದ್ದಾರೆ?’

ಪರವಾಗಿಲ್ಲ, ದಿನಾ ವಾಕಿಂಗ್ ಹೋಗ್ತಾರೆ, ಇನ್ಹೇಲರ್ ಮಾತ್ರ ಬಿಟ್ಟಿಲ್ಲ ಅಂತ ಬರೆದೆ. ಜೂನಿನಲ್ಲಿ ಊರಿಗೆ ಬರ್ತೀನಿ, ಸಿಗ್ತೀಯಾ ಅಂತಲೂ ಕೇಳಿದೆ. ನೋಡೋಣ ಅಂದಿದ್ದಾನೆ.