ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಪುಣೆಯಲ್ಲಿರುವ ಅಣ್ಣ ಹೊಸ ಕಾರು ಕೊಂಡಾಗ ತನ್ನ ಹಳೆಯ ಆಟೋಮ್ಯಾಟಿಕ್ ಕಾರನ್ನು ತಂದು ತೇರಗಾಂವದ ನಮ್ಮ ಮನೆ ಮುಂದೆ ನಿಲ್ಲಿಸಿದ. "ಅಪ್ಪಗ ಮೊಣಕಾಲ ತ್ರಾಸ ಐತಿ. ಇದರಾಗ ಕ್ಲಚ್ಚೇ ಇಲ್ಲ, ಆರಾಮ ಓಡಸ್ತಾನ" ಅಂದ.

ಅಪ್ಪ 28 ವರ್ಷ ಲಾರಿ ಓಡಿಸಿದವನು. ಹೊಸಪೇಟೆ ಕಡೆಯ ಕಬ್ಬಿಣದ ಅದಿರು ಬೇಲೇಕೇರಿ ಬಂದರಿಗೆ ಸಾಲುಗಟ್ಟಿ ಹೋಗುತ್ತಿದ್ದ ವರ್ಷಗಳಲ್ಲಿ ಅರಬೈಲು ಘಟ್ಟವನ್ನು ಎಷ್ಟು ಸಲ ಇಳಿದನೋ ಅವನಿಗೇ ಲೆಕ್ಕವಿಲ್ಲ. ಆ ಲಾರಿಗಳ ಕ್ಲಚ್ ತುಳಿದೂ ತುಳಿದೂ ಎಡ ಮೊಣಕಾಲು ಸವೆಯಿತು ಅನ್ನುವುದು ಅವನ ನಂಬಿಕೆ. ವಯಸ್ಸಾಯಿತು ಅನ್ನುವುದು ಡಾಕ್ಟರರ ಮಾತು.

ಅಣ್ಣ ಹೇಳಿದ್ದು ಪೂರ್ತಿ ನಿಜವಲ್ಲ. ಆ ಕಾರಿನಲ್ಲಿ ಒಂದಲ್ಲ, ಎರಡು ಕ್ಲಚ್ ಇವೆ. ಇಲ್ಲದಿರುವುದು ಕ್ಲಚ್ ಪೆಡಲ್ ಮಾತ್ರ. 1, 3, 5, 7ನೇ ಗೇರುಗಳು ಒಂದು ಕ್ಲಚ್ಚಿನ ಪಾಲು, 2, 4, 6 ಇನ್ನೊಂದರ ಪಾಲು. ಗಾಡಿ ಮೂರನೇ ಗೇರಿನಲ್ಲಿ ಓಡುತ್ತಿರುವಾಗಲೇ ನಾಲ್ಕನೆಯದು ಸಿದ್ಧವಾಗಿ ಕೂತಿರುತ್ತದೆ. ಒಂದು ಕ್ಲಚ್ ಕೈಬಿಡುತ್ತಿದ್ದಂತೆ ಇನ್ನೊಂದು ಹಿಡಿದುಕೊಳ್ಳುತ್ತದೆ, ಕೂತವರಿಗೆ ಜಗ್ಗಿದ್ದೂ ತಿಳಿಯುವುದಿಲ್ಲ. ಫ್ರಾನ್ಸಿನ ಎಂಜಿನಿಯರ್ ಅಡಾಲ್ಫ್ ಕೆಗ್ರೆಸ್ 1939ರ ಹೊತ್ತಿಗೇ ಇದನ್ನು ಯೋಚಿಸಿದ್ದ. 1980ರ ದಶಕದಲ್ಲಿ ಪೋರ್ಷೆಯ ರೇಸ್ ಕಾರುಗಳಲ್ಲಿ ಇದು ಓಡಿತು. 2003ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಗಾಲ್ಫ್ ಕಾರಿನ ಮೂಲಕ ಮಾರುಕಟ್ಟೆಗೆ ಬಂತು.

ಅಪ್ಪ ಅದನ್ನು ಮೊದಲ ಸಲ ಓಡಿಸಿದ್ದು ಹಳಿಯಾಳದ ರಸ್ತೆಯಲ್ಲಿ, ಕಬ್ಬು ಸಾಗಿಸುವ ದಿನಗಳಲ್ಲಿ. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ತೆವಳುತ್ತಿತ್ತು. ಗೇರ್ ಇಳಿಸಬೇಕು ಅಂತ ಅವನ ಎಡಗಾಲು ತಾನಾಗಿಯೇ ಕ್ಲಚ್ ತುಳಿಯಿತು. ಕ್ಲಚ್ ಇರಬೇಕಾದ ಜಾಗದ ಹತ್ತಿರ ಇದ್ದದ್ದು ಅಗಲವಾದ ಬ್ರೇಕ್ ಪೆಡಲ್. ಕ್ಲಚ್ಚನ್ನು ತುಳಿಯುವಷ್ಟೇ ಜೋರಾಗಿ ಅದನ್ನು ತುಳಿದ. ಗಾಡಿ ನಡುರಸ್ತೆಯಲ್ಲಿ ಗಕ್ಕನೆ ನಿಂತಿತು. ಹಿಂದಿನ ಬೈಕಿನವನು ಹೇಗೋ ತಪ್ಪಿಸಿಕೊಂಡು, ಪಕ್ಕಕ್ಕೆ ಬಂದು ಮರಾಠಿಯಲ್ಲಿ ಬೈದು ಹೋದ. ಅಪ್ಪ ಏನೂ ಅನ್ನಲಿಲ್ಲ. ಗಾಡಿ ಬಾಜೂಕ ಹಚ್ಚಿ, ಇಳಿದು, ಕೀಲಿ ನನ್ನ ಕೈಗಿಟ್ಟ. "ಇನ್ನ ಇದು ನಿನ್ನ ಗಾಡಿ." ಅವತ್ತಿನಿಂದ ಯಾವ ಗಾಡಿಯ ಸ್ಟಿಯರಿಂಗನ್ನೂ ಅವನು ಮುಟ್ಟಲಿಲ್ಲ.

ಹಾಗಾಗಿ ಮೋಡ್‌ಗಳನ್ನು ಕಲಿತವಳು ನಾನು, ಸಂಶೋಧನೆಯ ಕೆಲಸಕ್ಕೆ ಧಾರವಾಡಕ್ಕೆ ಹೋಗಿ ಬರುವ ದಾರಿಯಲ್ಲಿ. ಲಿವರ್ 'ಡಿ'ಗೆ ಹಾಕಿದರೆ ಗಾಡಿಗೆ ಪೆಟ್ರೋಲಿನದೇ ಚಿಂತೆ. ಬೇಗ ಬೇಗ ಮೇಲಿನ ಗೇರಿಗೆ ಹೋಗಿ ಎಂಜಿನ್ನನ್ನು ಮೆಲ್ಲಗೆ ತಿರುಗಿಸುತ್ತದೆ. ಖಾಲಿ ರಸ್ತೆಯಲ್ಲಿ ಇದರಷ್ಟು ಸುಖ ಬೇರೆ ಇಲ್ಲ. ಆದರೆ ಕಬ್ಬಿನ ಟ್ರ್ಯಾಕ್ಟರ್ ದಾಟಲು ಒಮ್ಮೆಲೇ ಎಕ್ಸಲರೇಟರ್ ಒತ್ತಿದರೆ ಅರೆಕ್ಷಣ ಏನೂ ಆಗುವುದಿಲ್ಲ. ವೇಗ ಹೆಚ್ಚಬಹುದು ಅಂತ ಮೇಲಿನ ಗೇರನ್ನು ಸಿದ್ಧ ಮಾಡಿಟ್ಟುಕೊಂಡ ಯಂತ್ರಕ್ಕೆ ಈಗ ಬೇಕಾಗಿರುವುದು ಕೆಳಗಿನ ಗೇರು. ಹಾಕಿದ್ದನ್ನು ಬಿಟ್ಟು ಇನ್ನೊಂದನ್ನು ಹುಡುಕಬೇಕು. ಎದುರಿಗೆ ಬಸ್ಸು ಬರುತ್ತಿದ್ದರೆ ಆ ಅರೆಕ್ಷಣ ಬಹಳ ದೊಡ್ಡದು.

'ಎಸ್' ಅಂದರೆ ಸ್ಪೋರ್ಟ್. ಅದರಲ್ಲಿ ಗಾಡಿ ಗೇರನ್ನು ಬೇಗ ಬಿಟ್ಟುಕೊಡುವುದಿಲ್ಲ. ಎಂಜಿನ್ ಗುರುಗುಡುತ್ತಲೇ ಇರುತ್ತದೆ, ಕಾಲಿಟ್ಟ ಕೂಡಲೇ ಜಿಗಿಯುತ್ತದೆ, ಪೆಟ್ರೋಲನ್ನೂ ಹಾಗೇ ಕುಡಿಯುತ್ತದೆ. ಟ್ರ್ಯಾಕ್ಟರ್ ದಾಟುವ ಮೊದಲೇ ಎಸ್‌ಗೆ ಹಾಕಿ, ದಾಟಿದ ಮೇಲೆ ಡಿಗೆ ಮರಳುವುದನ್ನು ರೂಢಿ ಮಾಡಿಕೊಂಡೆ. ಲಿವರನ್ನು ಪಕ್ಕಕ್ಕೆ ಸರಿಸಿದರೆ 'ಎಂ', ಅಂದರೆ ಮ್ಯಾನುಯಲ್. ಮುಂದೆ ದೂಡಿದರೆ ಗೇರ್ ಏರುತ್ತದೆ, ಹಿಂದೆ ಎಳೆದರೆ ಇಳಿಯುತ್ತದೆ. ಎಂಜಿನ್ ಕೆಡುವಂಥ ಗೇರ್ ಕೇಳಿದರೆ ಮಾತ್ರ ಗಾಡಿ ಒಪ್ಪುವುದಿಲ್ಲ. ಆಟೋಮ್ಯಾಟಿಕ್ ಗಾಡಿಯಲ್ಲಿ ಗೇರ್ ನಾನೇ ಯಾಕೆ ಹಾಕಬೇಕು ಅಂತ ಅದನ್ನು ಮುಟ್ಟಿಯೇ ಇರಲಿಲ್ಲ.

ಅಂಕೋಲೆಯಲ್ಲಿ ಸೋದರತ್ತೆಯ ಮಗನ ಮದುವೆ ಬಂತು. ಅಪ್ಪ ಬಸ್ಸಿಗೆ ಹೋಗುತ್ತೇನೆ ಅಂದ. ಅವ್ವ ಜಗಳ ಮಾಡಿ ನನ್ನ ಪಕ್ಕ ಕೂರಿಸಿ, ತಾನು ಹಿಂದೆ ಕೂತಳು. ಭಗವತಿ ದಾಟಿ ಯಲ್ಲಾಪುರದವರೆಗೆ ಅವನು ಮಾತಾಡಲಿಲ್ಲ. ಅರಬೈಲು ಇಳಿಯತೊಡಗಿದ ಮೇಲೆ ಸೀಟಿನಲ್ಲಿ ನೆಟ್ಟಗೆ ಕೂತ. ಮುಂದೆ ಲಾರಿಗಳ ಸಾಲು. ನಾನು ಡಿಯಲ್ಲೇ ಇಳಿಸುತ್ತಿದ್ದೆ. ಬ್ರೇಕ್ ಬಿಟ್ಟರೆ ಗಾಡಿ ಮೇಲಿನ ಗೇರಿಗೆ ಹೋಗಿ ಹಗುರಾಗಿ ಓಡುತ್ತಿತ್ತು, ಮತ್ತೆ ಬ್ರೇಕ್ ಒತ್ತುತ್ತಿದ್ದೆ. ಸುಟ್ಟ ವಾಸನೆ ಮೊದಲು ಬಂದದ್ದು ಅಪ್ಪನ ಮೂಗಿಗೆ.

"ಬ್ರೇಕ್ ಕಾಯ್ದಾವ. ಬಾಜೂಕ ಹಚ್ಚವ್ವಾ."

ಹಚ್ಚಿದೆ. ಕೈ ನಡುಗುತ್ತಿತ್ತು.

"ಯಾವ ಗೇರಿನ್ಯಾಗ ಇತ್ತು?"

"ಅದು ತಾನೇ ಹಾಕೋತೈತಿ ಅಪ್ಪಾ."

"ಮುಂದ ತಿರುವು ಐತಿ, ಇಳಿಜಾರ ಐತಿ ಅಂತ ಅದಕ್ಕ ಕಾಣತೈತೇನ? ಕಾಣೂದು ನಿನಗ. ಯಾವ ಗೇರಿನ್ಯಾಗ ಹತ್ತತೀವಿ, ಅದೇ ಗೇರಿನ್ಯಾಗ ಇಳೀಬೇಕು."

ನಾನು ಸಂಶೋಧನೆ ಮಾಡುತ್ತಿರುವುದು ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಹತ್ತಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿದ್ದುದರ ಬಗ್ಗೆ. ಆ ಹತ್ತಿಗೆ ಮಾರುಕಟ್ಟೆಯಲ್ಲಿ ಕುಮಟಾ ಅಂತಲೇ ಹೆಸರು. ಘಟ್ಟದ ದಾರಿ, ಬಂಡಿ, ಎತ್ತುಗಳ ಬಗ್ಗೆ ಐದು ವರ್ಷದಿಂದ ಓದುತ್ತಿದ್ದೇನೆ. ಘಟ್ಟ ಇಳಿಯುವುದು ಹೇಗೆ ಅಂತ ಮನೆಯಲ್ಲೇ ಇದ್ದವನನ್ನು ಒಂದು ದಿನವೂ ಕೇಳಿರಲಿಲ್ಲ.

ಬ್ರೇಕ್ ತಣ್ಣಗಾದ ಮೇಲೆ ಲಿವರ್ ಎಂಗೆ ಸರಿಸಿ ಎರಡನೇ ಗೇರಿಗೆ ಇಳಿಸಿದೆ. ಎಂಜಿನ್ನಿನ ದನಿ ಏರಿತು. ಯಾರೋ ಹಿಂದಿನಿಂದ ಹಿಡಿದುಕೊಂಡಂತೆ ಗಾಡಿ ತಾನೇ ತಡೆಯಿತು. ತಿರುವಿನಲ್ಲಷ್ಟೇ ಬ್ರೇಕ್ ಮುಟ್ಟಿದರೆ ಸಾಕಾಯಿತು. ಅಪ್ಪ ಸೀಟಿಗೆ ಒರಗಿದ.

ಮದುವೆ ಮುಗಿಸಿ ಮರಳುವಾಗ ಘಟ್ಟದ ಬುಡದಲ್ಲಿ ಚಹಾಕ್ಕೆ ನಿಂತೆವು. ಹೊರಡುವಾಗ ಕೀಲಿಯನ್ನು ಅಪ್ಪನ ಮುಂದೆ ಹಿಡಿದೆ. ಅವನು ಅವ್ವನನ್ನು ನೋಡಿದ; ಅವ್ವ ಹೊರಗೆ ನೋಡುತ್ತಿದ್ದಳು. ಅಪ್ಪ ಎಡಗಾಲಿನ ಚಪ್ಪಲಿ ಕಳಚಿ, ಆ ಕಾಲನ್ನು ಸೀಟಿಗೆ ತಾಗುವಂತೆ ಹಿಂದಕ್ಕೆ ಮಡಚಿ ಕೂತ. "ಇದಕ್ಕ ಇಲ್ಲೇ ಕುಂಡ್ರು ಅಂದೇನಿ" ಅಂದ.

ಏರಿನಲ್ಲಿ ಡಿ ಗೊಂದಲಕ್ಕೆ ಬಿತ್ತು. ಮೂರಕ್ಕೆ ಹೋಗುವುದು, ಎಳೆಯಲಾರದೆ ಎರಡಕ್ಕೆ ಬರುವುದು, ಮತ್ತೆ ಮೂರು. ಎಸ್‌ಗೆ ಹಾಕು ಅಂದೆ. ಹಾಕಿದ. ಎಂಜಿನ್ ಒಂದೇ ದನಿಯಲ್ಲಿ ಏರತೊಡಗಿತು. "ಈಗ ಲಾರಿಯಂಗ ಆತು ನೋಡ" ಅಂದ. ಒಂದೆರಡು ತಿರುವಿನ ನಂತರ, ನಾನು ಹೇಳದೆಯೇ, ಎಂಗೆ ಸರಿಸಿದ.

ನಾನು ರಸ್ತೆ ನೋಡುವುದು ಬಿಟ್ಟು ಅವನ ಎಡಗಾಲನ್ನು ನೋಡುತ್ತಿದ್ದೆ. ಅದು ಇಟ್ಟಲ್ಲೇ ಇತ್ತು. ಆದರೆ ಪ್ರತಿ ಸಲ ಕೈ ಲಿವರಿನ ಕಡೆ ಹೋಗುವ ತುಸು ಮೊದಲು ಹೆಬ್ಬೆರಳು ಕೆಳಗಿನ ಮ್ಯಾಟನ್ನು ಒತ್ತುತ್ತಿತ್ತು. ಮೋರೆ ಮೇಲಿನ ಗೇರಿನ ಅಂಕಿ ಆಮೇಲೆ ಬದಲಾಗುತ್ತಿತ್ತು. ಯಲ್ಲಾಪುರ ಬರುವವರೆಗೂ ಒಂದು ಸಲವೂ ತಪ್ಪಲಿಲ್ಲ.