ಕಿವಿಮಾತಿನಿಂದ ಕಡತದವರೆಗೆ

ಈ ಶತಮಾನದ ಮೊದಲ ವರ್ಷಗಳಲ್ಲಿ ನಾನು ಕರ್ನಾಟಕದ ವಿಶ್ವವಿದ್ಯಾಲಯವೊಂದರಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ, ಹೆಣ್ಣುಮಕ್ಕಳ ಸುರಕ್ಷತೆಗೆ ನಮಗೆ ಗೊತ್ತಿದ್ದ ಏಕೈಕ ವ್ಯವಸ್ಥೆಯೆಂದರೆ ಕಿವಿಮಾತು. ಹಾಸ್ಟೆಲಿಗೆ ಬಂದ ಮೊದಲ ವಾರದಲ್ಲೇ ಹಿರಿಯ ವಿದ್ಯಾರ್ಥಿನಿಯರು ಅದನ್ನು ಕಿರಿಯರಿಗೆ ದಾಟಿಸುತ್ತಿದ್ದರು. ಇಂಥವರ ಕೋಣೆಗೆ ಒಬ್ಬಳೇ ಹೋಗಬೇಡ. ಗ್ರಂಥಾಲಯದ ಹಿಂದಿನ ದಾರಿ ಕತ್ತಲಾದ ಮೇಲೆ ಬೇಡ. ಇಂಥವರು ಪ್ರಬಂಧವನ್ನು ಮನೆಗೆ ತಂದುಕೊಡು ಎಂದರೆ ಗೆಳತಿಯೊಬ್ಬಳನ್ನು ಜೊತೆಗೆ ಕರೆದೊಯ್ಯಿ. ಪಠ್ಯಕ್ರಮಕ್ಕಿಂತ ಮೊದಲು ನಾವು ಕಲಿತ ಪಾಠವಿದು. ಆ ಪಟ್ಟಿ ಬಹುಮಂದಿಗೆ ಗೊತ್ತಿತ್ತು, ಆದರೆ ಎಲ್ಲಿಯೂ ಬರೆದಿರಲಿಲ್ಲ. ಹಳ್ಳಿಯಿಂದ ಬಂದು ಸಂಕೋಚದಿಂದ ದೂರ ಉಳಿದವಳಿಗೆ, ಇನ್ನೂ ಗೆಳತಿಯರನ್ನು ಸಂಪಾದಿಸಿಕೊಳ್ಳದವಳಿಗೆ ಅದು ತಲುಪುತ್ತಿರಲಿಲ್ಲ. ಎಂದರೆ ರಕ್ಷಣೆ ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಸಿಗುತ್ತಿರಲಿಲ್ಲ.

ಆ ಹೊತ್ತಿಗೆ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂದು ಕೆಲವು ವರ್ಷಗಳಾಗಿದ್ದವು ಎಂಬುದು ನನಗೆ ತಿಳಿದದ್ದು ದೆಹಲಿಗೆ ನೌಕರಿಗೆ ಬಂದ ಮೇಲೆ. 1997ರ ಆಗಸ್ಟ್ 13ರ ಆ ತೀರ್ಪಿನ ಹಿಂದೆ ಇದ್ದವರು ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ. ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ‘ಸಾಥಿನ್’ ಆಗಿ ದುಡಿಯುತ್ತಿದ್ದ ಅವರು ಬಾಲ್ಯವಿವಾಹವೊಂದನ್ನು ತಡೆಯಲು ಯತ್ನಿಸಿದ್ದಕ್ಕಾಗಿ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದರು. 1995ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಖುಲಾಸೆಗೊಳಿಸಿತು. ಆಕೆಗೆ ನ್ಯಾಯ ಸಿಗಲಿಲ್ಲ. ಆದರೆ ಆ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಹೂಡಿದ ಅರ್ಜಿಯಿಂದ, ಕೆಲಸದ ಜಾಗದಲ್ಲಿ ಹೆಣ್ಣಿನ ಘನತೆ ಕಾಯುವುದು ಸಂಸ್ಥೆಯ ಹೊಣೆ ಎಂಬ ಸೂತ್ರ ಈ ದೇಶಕ್ಕೆ ಸಿಕ್ಕಿತು. ಇಂದು ಯಾವುದೇ ವಿಶ್ವವಿದ್ಯಾಲಯದ ಗೋಡೆಯ ಮೇಲೆ ದೂರು ಸಮಿತಿಯ ಫಲಕ ಕಂಡರೆ, ಅದರ ಹಿಂದೆ ವಿಶ್ವವಿದ್ಯಾಲಯದ ಮೆಟ್ಟಿಲನ್ನೇ ತುಳಿಯದ ಒಬ್ಬ ಹಳ್ಳಿಯ ಹೆಂಗಸಿನ ನೋವಿದೆ ಎಂದು ನೆನೆಯುತ್ತೇನೆ.

ಆ ಸೂತ್ರವನ್ನು ಗಂಭೀರವಾಗಿ ತೆಗೆದುಕೊಂಡ ಮೊದಲಿಗರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯವೂ ಒಂದು. 1999ರಲ್ಲಿ ಅಲ್ಲಿ ರೂಪುಗೊಂಡ ಸಮಿತಿಯನ್ನು ಎಲ್ಲರೂ ‘ಜಿಎಸ್‌ಕ್ಯಾಶ್’ ಎಂದೇ ಕರೆಯುತ್ತಿದ್ದರು. ಅದರ ವಿಶೇಷವೆಂದರೆ ವಿದ್ಯಾರ್ಥಿಗಳು, ಅಧ್ಯಾಪಕರು, ನೌಕರರು ತಮ್ಮ ಪ್ರತಿನಿಧಿಗಳನ್ನು ತಾವೇ ಚುನಾಯಿಸುತ್ತಿದ್ದುದು. ದೂರುಗಳ ವಿಚಾರಣೆಯಷ್ಟೇ ಅಲ್ಲ, ಹೊಸಬರಿಗೆ ತಿಳಿವಳಿಕೆ ನೀಡುವುದೂ ಅದರ ಕೆಲಸವಾಗಿತ್ತು. ಚುನಾವಣೆಗೆ ನಿಂತವರು ಮತ ಕೇಳಲು ಬಂದಾಗ ಲೈಂಗಿಕ ಕಿರುಕುಳವೆಂದರೇನು ಎಂಬ ಮಾತು ಹಾಸ್ಟೆಲಿನ ಊಟದ ಮನೆಯವರೆಗೂ ತಲುಪುತ್ತಿತ್ತು. ನಮ್ಮ ಕಾಲದ ಕಿವಿಮಾತು ಅಲ್ಲಿ ಬಹಿರಂಗ ಮಾತಾಗಿತ್ತು.

2013ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಯುಜಿಸಿಯ ‘ಸಕ್ಷಮ್’ ವರದಿ ಬಂದದ್ದೂ ಅದೇ ವರ್ಷ. ಅನಂತರ ಯುಜಿಸಿಯ 2015ರ ನಿಯಮಾವಳಿ 2016ರ ಮೇ ತಿಂಗಳಲ್ಲಿ ಪ್ರಕಟವಾಯಿತು. 2017ರ ಸೆಪ್ಟೆಂಬರಿನಲ್ಲಿ, ಈ ನಿಯಮಗಳಿಗೆ ಹೊಂದಿಕೊಳ್ಳಬೇಕೆಂಬ ಕಾರಣ ಕೊಟ್ಟು, ಜೆಎನ್‌ಯು ಆಡಳಿತ ಜಿಎಸ್‌ಕ್ಯಾಶನ್ನು ರದ್ದುಗೊಳಿಸಿ ಆಂತರಿಕ ದೂರು ಸಮಿತಿಯನ್ನು ರಚಿಸಿತು. ದೇಶದಾದ್ಯಂತ ಒಂದೇ ಬಗೆಯ ಸಮಿತಿ ಇರಬೇಕೆಂಬ ವಾದದಲ್ಲಿ ತಥ್ಯವಿಲ್ಲವೆಂದು ನಾನು ಹೇಳಲಾರೆ. ಕಾನೂನಿನ ಬಲವಿಲ್ಲದ ಸಮಿತಿಯ ತೀರ್ಮಾನ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಆದರೆ ಕಾನೂನು ಹೇಳಿದ್ದು ಕನಿಷ್ಠವೆಷ್ಟು ಎಂಬುದನ್ನು. ಇದ್ದ ಒಳ್ಳೆಯದನ್ನು ಕನಿಷ್ಠಕ್ಕೆ ಇಳಿಸಿ ಎಂದು ಅದು ಹೇಳಿರಲಿಲ್ಲ. ಸಮಿತಿಯ ಮೇಲೆ ನಂಬಿಕೆ ಹುಟ್ಟುವುದು ಕಲಮುಗಳಿಂದಲ್ಲ, ಅದರಲ್ಲಿ ಕುಳಿತವರು ಯಾರ ಋಣದಲ್ಲಿದ್ದಾರೆ ಎಂಬುದರಿಂದ.

ಯುಜಿಸಿ ನಿಯಮಾವಳಿಗೂ ಈ ಸತ್ಯ ಗೊತ್ತಿದೆ. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥ ಇವರಾರೂ ಸಮಿತಿಯಲ್ಲಿ ಇರಕೂಡದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅಧ್ಯಕ್ಷರು ಹಿರಿಯ ಅಧ್ಯಾಪಕಿಯಾಗಿರಬೇಕು. ಇಬ್ಬರು ಅಧ್ಯಾಪಕರು, ಇಬ್ಬರು ಅಧ್ಯಾಪಕೇತರ ನೌಕರರು, ಹೊರಗಿನ ಸಂಸ್ಥೆಯ ಒಬ್ಬ ಸದಸ್ಯರು ಇರಬೇಕು. ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಾಗಿರಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಪದವಿ, ಸ್ನಾತಕೋತ್ತರ, ಸಂಶೋಧನಾ ಹಂತಗಳ ಮೂವರು ವಿದ್ಯಾರ್ಥಿಗಳು ಪಾರದರ್ಶಕ ಚುನಾವಣೆಯಿಂದ ಬಂದು ಕೂರಬೇಕು. ಕಾಗದದ ಮೇಲೆ ಇದೊಂದು ಉತ್ತಮ ಸಮಿತಿ. ಆದರೆ ಆ ಚುನಾವಣೆಯನ್ನು ನಡೆಸುವವರು, ಅಧ್ಯಕ್ಷರನ್ನು ನೇಮಿಸುವವರು, ಕೊನೆಗೆ ವರದಿಯನ್ನು ಜಾರಿಗೆ ತರಬೇಕಾದವರು ಯಾರು? ಸಮಿತಿಯಿಂದ ಹೊರಗಿಟ್ಟ ಅದೇ ಅಧಿಕಾರಿಗಳು.

ಎರಡು ವರ್ಷಗಳ ಹಿಂದೆ ನನ್ನ ಅಕ್ಕನ ಮಗಳಿಗೆ ಉತ್ತರ ಭಾರತದ ವಿಶ್ವವಿದ್ಯಾಲಯವೊಂದರಲ್ಲಿ ಪ್ರವೇಶ ಸಿಕ್ಕಿತು. ಶಿವಮೊಗ್ಗದಿಂದ ಫೋನ್ ಮಾಡಿದ ಅಕ್ಕ ಕೇಳಿದ ಮೊದಲ ಪ್ರಶ್ನೆ: “ಅಲ್ಲಿ ಹುಡುಗೀರ ಹಾಸ್ಟೆಲ್ ಬಾಗಿಲು ಎಷ್ಟು ಗಂಟೆಗೆ ಹಾಕ್ತಾರೆ ಕಣೆ?” ಹೊರನಾಡಿನಲ್ಲಿರುವ ನಮ್ಮಂಥವರಿಗೆ ಊರಿನಿಂದ ಬರುವ ಪ್ರಶ್ನೆಗಳಲ್ಲಿ ಇದು ಸಾಮಾನ್ಯ. ತಾಯಿಯ ಆತಂಕವನ್ನು ಹಗುರಾಗಿ ಕಾಣುವವಳು ನಾನಲ್ಲ. ಆದರೆ ಬಾಗಿಲು ಬೇಗ ಹಾಕುವುದೇ ಸುರಕ್ಷತೆ ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದನ್ನು ಇದೇ ಜಿಎಸ್‌ಕ್ಯಾಶ್ ರದ್ದಾದ ತಿಂಗಳಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ತೋರಿಸಿದ್ದರು. ಆವರಣದೊಳಗೆ ಸಂಜೆ ವಿದ್ಯಾರ್ಥಿನಿಯೊಬ್ಬಳ ಮೇಲೆ ದೌರ್ಜನ್ಯ ನಡೆದಾಗ, ಅಷ್ಟು ಹೊತ್ತಿನಲ್ಲಿ ಹೊರಗೇಕಿದ್ದೆ ಎಂಬ ಪ್ರಶ್ನೆಯನ್ನು ಅವಳೇ ಎದುರಿಸಬೇಕಾಯಿತೆಂದು ವಿದ್ಯಾರ್ಥಿನಿಯರು ಸಿಟ್ಟಿಗೆದ್ದರು. ಅವರು ಕೇಳಿದ್ದು ಬೀದಿದೀಪಗಳನ್ನು, ಹೊಣೆ ಹೊರುವ ಕಾವಲುಗಾರರನ್ನು, ದೂರು ಆಲಿಸುವ ಸಮಿತಿಯನ್ನು. ಸಿಕ್ಕಿದ್ದು 23ರ ರಾತ್ರಿಯ ಲಾಠಿ ಏಟು. ಅದಾದ ಮೇಲೆ ಅಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರು ಮುಖ್ಯ ಪ್ರಾಕ್ಟರ್ ಆದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ನಮ್ಮ ಸಂಸ್ಥೆಗಳ ಹಳೆಯ ರೂಢಿ.

ಹೆಣ್ಣುಮಕ್ಕಳ ಸುರಕ್ಷತೆಯ ನೆಪದಲ್ಲಿ, ಹುಡುಗರಿಗಿಲ್ಲದ ತಾರತಮ್ಯದ ನಿರ್ಬಂಧಗಳನ್ನು ಅವರ ಹಾಸ್ಟೆಲುಗಳ ಮೇಲೆ ಹೇರಬಾರದೆಂದು ಯುಜಿಸಿ ನಿಯಮಾವಳಿಯೇ ಹೇಳುತ್ತದೆ. ಇದು ಹಲವು ತಂದೆತಾಯಿಯರಿಗೆ ಗೊತ್ತಿಲ್ಲ. ಗೊತ್ತಿರುವ ಕೆಲವು ವಾರ್ಡನ್‌ಗಳಿಗೆ ಅದು ರುಚಿಸುವುದಿಲ್ಲ. ಬಾಗಿಲು ಹಾಕಿದರೆ ಅಪಾಯ ಹೊರಗಿನಿಂದ ಮಾತ್ರ ಬರುತ್ತದೆಂದು ಭಾವಿಸಿದಂತಾಯಿತು. ಹಗಲು ಹನ್ನೊಂದು ಗಂಟೆಗೆ, ಪುಸ್ತಕದ ಕಪಾಟುಗಳ ನಡುವೆ, ಹಾಜರಾತಿಯ ಮೇಲೂ ಅಂಕದ ಮೇಲೂ ಅಧಿಕಾರವಿರುವವರಿಂದ ಬರುವ ಅಪಾಯಕ್ಕೆ ಯಾವ ಬಾಗಿಲು?

ಮಗಳ ಹಾಸ್ಟೆಲಿನಲ್ಲಿದ್ದ ಉತ್ತರ ಕರ್ನಾಟಕದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಇಂಥದೇ ಸಂಕಟದಲ್ಲಿ ನಮ್ಮ ಮನೆಗೆ ಬಂದಳು. ಅವಳ ಒಪ್ಪಿಗೆ ಪಡೆದು, ಗುರುತು ಸಿಗದಷ್ಟೇ ಬರೆಯುತ್ತೇನೆ. ಕಿರುಕುಳ ಕೊಡುತ್ತಿದ್ದುದು ಮಾರ್ಗದರ್ಶಕರು. ಅವರ ಸಹಿ ಇಲ್ಲದೆ ಶಿಷ್ಯವೇತನವಿಲ್ಲ, ಪ್ರಗತಿ ವರದಿಯಿಲ್ಲ, ಪ್ರಬಂಧವಿಲ್ಲ. “ದೂರು ಕೊಟ್ರ ನಾಕು ವರ್ಷದ ಕೆಲಸ ನೀರಾಗ ಹೋಗ್ತದ್ರೀ ಮೇಡಂ” ಎಂದಳು. ನಾನು ನನ್ನ ಕಚೇರಿಯ ಆಂತರಿಕ ಸಮಿತಿಯಲ್ಲಿ ಮೂರು ವರ್ಷ ಸದಸ್ಯಳಾಗಿದ್ದವಳು. ಹೀಗಾಗಿ ಅವಳಿಗೆ ಧೈರ್ಯದ ಮಾತಿಗಿಂತ ಮೊದಲು ದಿನಾಂಕಗಳನ್ನು ಕೇಳಿದೆ. ಕೊನೆಯ ಘಟನೆ ನಡೆದು ಮೂರು ತಿಂಗಳೊಳಗೆ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆ ತೊಂಬತ್ತು ದಿನಗಳಲ್ಲಿ ಮುಗಿಯಬೇಕು. ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿತ್ತು. ವಿಚಾರಣೆ ನಡೆಯುವಾಗಲೇ, ಆಪಾದಿತರು ದೂರುದಾರಳ ಕೆಲಸವನ್ನಾಗಲಿ ಪರೀಕ್ಷೆಯನ್ನಾಗಲಿ ಮೌಲ್ಯಮಾಪನ ಮಾಡದಂತೆ ತಡೆಯಲು ನಿಯಮದಲ್ಲಿ ಅವಕಾಶವಿದೆ. ಅವಳಿಗೆ ಇದು ಗೊತ್ತಿರಲಿಲ್ಲ. ಪ್ರವೇಶದ ದಿನ ಕೈಗೆ ಕೊಟ್ಟ ದಪ್ಪ ಮಾಹಿತಿ ಪುಸ್ತಕದಲ್ಲಿ ಶುಲ್ಕದ ವಿವರ ಆರು ಪುಟ ಇತ್ತು. ಇದು ಒಂದು ಸಾಲೂ ಇರಲಿಲ್ಲ.

ಅವಳು ದೂರು ಕೊಟ್ಟಳು. ವಿಚಾರಣೆ ತೊಂಬತ್ತು ದಿನಗಳಲ್ಲಿ ಮುಗಿಯಲಿಲ್ಲ. ಕೊನೆಗೆ ಬಂದ ಶಿಕ್ಷೆಯೂ ಅವಳು ಎಣಿಸಿದಷ್ಟಿರಲಿಲ್ಲ. ಆದರೆ ಮೂರನೆಯ ವಾರದಲ್ಲೇ ಸಮಿತಿ ಮಾರ್ಗದರ್ಶಕರನ್ನು ಬದಲಿಸಲು ಶಿಫಾರಸು ಮಾಡಿತು, ಆಡಳಿತ ಅದನ್ನು ಒಪ್ಪಿತು. “ಅವರಿಗೇನು ಶಿಕ್ಷೆ ಆತು ಅನ್ನೂದು ಆಮ್ಯಾಲಿನ ಮಾತ್ರೀ. ನನ್ನ ಥೀಸಿಸ್ ಅವರ ಟೇಬಲ್ ಮ್ಯಾಲಿಂದ ಎದ್ದು ಬಂದ ದಿನ ನಾ ಕಣ್ತುಂಬ ನಿದ್ದಿ ಮಾಡೀನಿ” ಎಂದು ಅವಳು ಹೇಳಿದ ಮಾತು ನನಗೆ ಇಡೀ ಕಾಯ್ದೆಯ ಭಾಷ್ಯದಂತೆ ಕೇಳಿಸಿತು. ನೊಂದವಳಿಗೆ ನ್ಯಾಯವೆಂದರೆ ಮೊದಲು ತನ್ನ ಬದುಕು ತನ್ನ ಕೈಗೆ ಮರಳುವುದು, ದಂಡನೆ ಆಮೇಲಿನದು.

ಹಾಗೆಂದು ದಂಡನೆಯ ಹಾದಿಯಲ್ಲಿ ಅಡ್ಡದಾರಿ ಹಿಡಿಯಲಾಗದು. ಗೋವಾ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರ ವಿರುದ್ಧ 2009ರಲ್ಲಿ ವಿದ್ಯಾರ್ಥಿನಿಯರು ದೂರು ಕೊಟ್ಟರು; ಸಮಿತಿ ವಿಚಾರಣೆ ನಡೆಸಿತು, ಅವರ ನೌಕರಿ ಹೋಯಿತು. 2023ರ ಮೇ 12ರಂದು ಸುಪ್ರೀಂ ಕೋರ್ಟ್ ಆ ವಜಾ ಆದೇಶವನ್ನು ತಳ್ಳಿಹಾಕಿತು. ಆರೋಪ ಸುಳ್ಳೆಂದಲ್ಲ, ಸಮಿತಿ ಕೊನೆಯ ಹಂತದಲ್ಲಿ ತೋರಿದ ಅವಸರದಿಂದ ಆಪಾದಿತರಿಗೆ ತಮ್ಮ ಪಕ್ಷವನ್ನು ಮಂಡಿಸಲು ಸರಿಯಾದ ಅವಕಾಶ ಸಿಗಲಿಲ್ಲವೆಂದು. ವಿಚಾರಣೆ ಮತ್ತೆ ಸಮಿತಿಗೇ ಮರಳಿತು. ದೂರು ಕೊಟ್ಟ ಹುಡುಗಿಯರ ವಯಸ್ಸಿಗೆ ಆಗ ಹದಿನಾಲ್ಕು ವರ್ಷ ಸೇರಿತ್ತು. ಕಾಯ್ದೆ ಬಂದು ಇಷ್ಟು ಕಾಲವಾದರೂ ಅದರ ಜಾರಿಯಲ್ಲಿ ಗಂಭೀರ ಲೋಪಗಳಿವೆ ಎಂದು ಅದೇ ತೀರ್ಪಿನಲ್ಲಿ ನ್ಯಾಯಾಲಯ ವಿಷಾದಿಸಿತು. ನಮ್ಮ ಕಚೇರಿಯ ಸಮಿತಿಯಲ್ಲಿ ಪಾಟಿ ಸವಾಲನ್ನು ಲಿಖಿತ ಪ್ರಶ್ನೆಗಳ ಮೂಲಕ ನಡೆಸುತ್ತಿದ್ದೆವು. ಹಾಗೆ ಮಾಡಿದರೆ ನೊಂದವಳು ಎದುರಾಳಿಯ ಮುಖ ನೋಡಬೇಕಿಲ್ಲ, ಆಪಾದಿತನ ಹಕ್ಕಿಗೂ ಚ್ಯುತಿಯಿಲ್ಲ. ಸಹನೆಯಿಂದ ಬರೆದಿಟ್ಟ ಒಂದೊಂದು ಹಾಳೆಯೂ ಮುಂದೆ ಅವಳ ಪರವಾಗಿ ನಿಲ್ಲುತ್ತದೆ. ಕರುಣೆಯಿಂದ ಬರೆದ ಕಳಪೆ ಟಿಪ್ಪಣಿ ಅವಳನ್ನೇ ಬೀಳಿಸುತ್ತದೆ.

ಸಮಿತಿ ಪೊಲೀಸ್ ಠಾಣೆಗೆ ಬದಲಿಯಲ್ಲ ಎಂಬುದನ್ನೂ ಹೇಳಬೇಕು. ಅತ್ಯಾಚಾರದಂಥ ಅಪರಾಧ ನಡೆದಾಗ ‘ಒಳಗೊಳಗೇ ಬಗೆಹರಿಸೋಣ’ ಎನ್ನುವ ಹಕ್ಕು ಯಾವ ಕುಲಪತಿಗೂ ಇಲ್ಲ. ನೊಂದವಳು ಬಯಸಿದರೆ ಪೊಲೀಸ್ ದೂರು ಕೊಡಲು ನೆರವಾಗುವುದು ಸಂಸ್ಥೆಯ ಕರ್ತವ್ಯ. ಘಟನೆ ಯಾವ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವುದೇ ಠಾಣೆ ಎಫ್‌ಐಆರ್ ದಾಖಲಿಸಿಕೊಳ್ಳಬೇಕು; ಸರ್ಕಾರಿ ಇರಲಿ ಖಾಸಗಿ ಇರಲಿ, ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು.

ಮುಳ್ಳಿನ ಮೇಲೆ ಬಟ್ಟೆ ಬಿದ್ದರೂ, ಬಟ್ಟೆಯ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಬಟ್ಟೆಯೇ ಎಂದು ಹೇಳುತ್ತಾ ನಮ್ಮನ್ನು ಬೆಳೆಸಿದರು. ಸುಳ್ಳು ದೂರುಗಳ ಬಗ್ಗೆ ಆತಂಕ ಪಡುವವರ ಮಾತು ಕೇಳುವಾಗಲೆಲ್ಲ ನನಗೆ ಈ ಗಾದೆ ನೆನಪಾಗುತ್ತದೆ. ದುರುದ್ದೇಶದಿಂದ ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಸಾಬೀತುಪಡಿಸಲಾಗದ ದೂರೆಲ್ಲ ಸುಳ್ಳು ದೂರಲ್ಲವೆಂದೂ ಅದು ಹೇಳುತ್ತದೆ. ಸಾಕ್ಷಿಯಿಲ್ಲದ ಕೋಣೆಯನ್ನು ಆರಿಸಿಕೊಂಡವಳು ಅವಳಲ್ಲವಲ್ಲ. ಬಟ್ಟೆಯನ್ನು ಜೋಪಾನ ಮಾಡಲು ಕಲಿಸಿದ್ದು ಸಾಕು, ಮುಳ್ಳನ್ನು ಕೀಳುವ ಕೆಲಸ ಸಂಸ್ಥೆಯದು.

ಹಾಗಾದರೆ ಮಕ್ಕಳನ್ನು ದೂರದ ಊರಿಗೆ ಕಳಿಸುವವರು ಏನು ಕೇಳಬೇಕು? ಸಮಿತಿಯ ಸದಸ್ಯರ ಹೆಸರು, ಫೋನ್ ಸಂಖ್ಯೆ ವಿಭಾಗದ ಗೋಡೆಯ ಮೇಲಿದೆಯೇ? ವಿದ್ಯಾರ್ಥಿ ಸದಸ್ಯರನ್ನು ಚುನಾಯಿಸಿದ್ದಾರೆಯೇ, ನೇಮಿಸಿದ್ದಾರೆಯೇ? ಕಳೆದ ವರ್ಷ ಎಷ್ಟು ದೂರುಗಳು ಬಂದವು? ‘ಒಂದೂ ಇಲ್ಲ’ ಎಂದು ಹೆಮ್ಮೆಯಿಂದ ಹೇಳುವ ಸಂಸ್ಥೆಯ ಬಗ್ಗೆ ನನಗೆ ಹೆಚ್ಚು ಅನುಮಾನ. ಸಾವಿರಾರು ಮಂದಿ ಇರುವ ಜಾಗದಲ್ಲಿ ದೂರೇ ಇಲ್ಲವೆಂದರೆ, ಅಲ್ಲಿ ಕಿರುಕುಳವಿಲ್ಲ ಎನ್ನುವುದಕ್ಕಿಂತ ನಂಬಿಕೆಯಿಲ್ಲ ಎನ್ನುವುದೇ ಸಂಭವನೀಯ.

ವಿಶ್ವವಿದ್ಯಾಲಯದ ನೆನಪು ವಿಚಿತ್ರವಾದುದು. ವಿದ್ಯಾರ್ಥಿನಿಯರು ಎರಡು ಮೂರು ವರ್ಷಗಳಲ್ಲಿ ಹೊರಟುಹೋಗುತ್ತಾರೆ; ಅವರೊಂದಿಗೆ ಅವರಿಗೆ ಗೊತ್ತಿದ್ದದ್ದೂ ಹೋಗುತ್ತದೆ. ಕಿರುಕುಳ ಕೊಟ್ಟವರು ಮಾತ್ರ ನಿವೃತ್ತಿಯವರೆಗೆ ಅದೇ ಕೋಣೆಯಲ್ಲಿರುತ್ತಾರೆ. ಆದ್ದರಿಂದ ತಿಳಿವಳಿಕೆ ಪ್ರತಿ ಜುಲೈ ತಿಂಗಳಲ್ಲೂ ಹೊಸದಾಗಿ ಆರಂಭವಾಗಬೇಕು, ದೂರು ಪ್ರತಿ ಸಲವೂ ಕಾಗದಕ್ಕೆ ಇಳಿಯಬೇಕು. ಹಾಸ್ಟೆಲಿನ ಹುಡುಗಿಯರು ಒಬ್ಬರಿಗೊಬ್ಬರು ಪಿಸುಗುಟ್ಟಿ ಉಳಿಸಿಕೊಂಡು ಬಂದ ನೆನಪನ್ನು ಸಂಸ್ಥೆ ತನ್ನ ಕಡತದಲ್ಲಿ, ತನ್ನ ಮೊಹರಿನಡಿಯಲ್ಲಿ ಹೊರುವಂತಾದಾಗ, ಗೆಳತಿಯರಿಲ್ಲದೆ ಮೊದಲ ದಿನ ಬಂದಿಳಿದ ಹಳ್ಳಿಯ ಹುಡುಗಿಗೂ ಆ ರಕ್ಷಣೆ ದೊರೆಯುತ್ತದೆ.